ಹಗೇವಿನಲ್ಲಿ ಹೂತಿಟ್ಟ ಕೋಳಿಮೇವು

ಕೋಳಿ ಸಾಕುವುದು ಹೆಂಗಸರ ಕೆಲಸವೆಂದು ನಂಬಿದ್ದ ಊರು ನಮ್ಮ ಹಳೇಕೋಟೆ. ಅಂಥ ಊರನ್ನು ಉದ್ಧಾರ ಮಾಡುವ ಹೊಣೆ ಅಲ್ಲಿನ ಶಾಲೆ ಮೇಷ್ಟ್ರಾದ ನನಗಲ್ಲದೆ ಇನ್ನಾರಿಗೆ ಬರಬೇಕು?

ಯುದ್ಧದ ಕಾಲ. ನಮ್ಮ ಎಂಟು ವರ್ಷದ ಮಗಳು ಜಯ ವಿಷಮಶೀತ ಜ್ವರದಿಂದ ಎದ್ದು ಕಡ್ಡಿಯಾಗಿದ್ದಳು. ದಿನಕ್ಕೊಂದು ಮೊಟ್ಟೆ ತಪ್ಪಿಸಬೇಡಿ, ತಪ್ಪಿಸಿದರೆ ಹುಡುಗಿ ಚೇತರಿಸಿಕೊಳ್ಳುವುದು ಕಷ್ಟ ಎಂದು ಹೊಳೆನರಸೀಪುರದ ಡಾಕ್ಟರು ಹೇಳಿದ್ದರು. ನನ್ನ ಹೆಂಡತಿ ಕೆಂಪಮ್ಮನ ಆರು ಹೇಂಟೆಗಳು ತಿಪ್ಪೆ ಕೆದಕಿಕೊಂಡು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಿದ್ದವು. ಮಗುವಿಗೆ ಅಷ್ಟು ಸಾಕಾಗಿತ್ತು. ಸಾಕು ಎಂದು ಸುಮ್ಮನಿದ್ದರೆ ನಾನು ಮೇಷ್ಟ್ರು ಹೇಗಾದೇನು!

ತಾಲ್ಲೂಕು ಕಚೇರಿಯಲ್ಲಿ ನನಗೆ ನಾಲ್ಕು ಹಾಳೆಯ ಒಂದು ಕರಪತ್ರ ಸಿಕ್ಕಿತು. 'ಕುಕ್ಕುಟಗಳ ಆಹಾರ'. ಅದರ ಪ್ರಕಾರ ನುಚ್ಚು, ತೌಡು, ಕಡಲೆಕಾಯಿ ಹಿಂಡಿ, ಒಣಮೀನು ಎಲ್ಲವನ್ನೂ ಪುಡಿ ಮಾಡಿ ಬೆರೆಸಿದರೆ ಹೇಂಟೆಗಳು ದಿನವೂ ಮೊಟ್ಟೆ ಇಡುತ್ತವೆ. ಸಾಮಾನನ್ನೆಲ್ಲ ಗಾಡಿಗೆ ಹೇರಿ ಗಿರಣಿಗೆ ಹೊಡೆದು, ಎರಡು ಮೂಟೆ ಹಿಟ್ಟು ಮಾಡಿಸಿ ತಂದೆ.

ಅಷ್ಟನ್ನು ಇಡುವುದೆಲ್ಲಿ? ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗಿನ ಆ ಕಣಜದ ರಾಗಿಯೆಲ್ಲ ಸರ್ಕಾರದ ಲೆವಿಗೆ ಹೋಗಿ ಖಾಲಿ ಬಿದ್ದಿತ್ತು. ತಾತ ತುಂಬಿಸಿದ ರಾಗಿಯನ್ನು ನಮ್ಮಪ್ಪ ಹತ್ತು ವರ್ಷದ ಮೇಲೆ ತೆಗೆಸಿ ಮುದ್ದೆ ಉಂಡಿದ್ದರು. ರಾಗಿಗೆ ಹತ್ತು ವರ್ಷವಾದರೆ ಕೋಳಿಮೇವಿಗೆ ಹತ್ತು ತಿಂಗಳಾದರೂ ಬರಬಾರದೆ? ಗಣಿತದ ಪ್ರಕಾರ ಧಾರಾಳವಾಗಿ ಬರಬೇಕು. ಕೆಂಪಮ್ಮ ಏನೋ ಹೇಳಲು ಬಾಯಿ ತೆರೆದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಮುಚ್ಚಿಸಿದೆ. ಹಗೇವಿನ ಬಾಯನ್ನೂ ಕಲ್ಲಿಟ್ಟು, ಮಣ್ಣು ಮೆತ್ತಿ ಮುಚ್ಚಿಸಿದೆ.

ಹೊರಗಿಟ್ಟುಕೊಂಡಿದ್ದ ಹಿಟ್ಟಿನಲ್ಲಿ ಮೊದಲ ವಾರ ದಿನಕ್ಕೆ ಐದು ಮೊಟ್ಟೆ! ನಾನು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಉಪನ್ಯಾಸ ಕೊಟ್ಟೆ. ತಿಪ್ಪೆ ಕೆದಕುವ ಅನಾಗರಿಕ ಪದ್ಧತಿಗೆ ಕೊನೆ ಹಾಡಲು ಕೋಳಿಗಳ ಸುತ್ತ ಬೇಲಿ ಕಟ್ಟಿಸಿದೆ.

ಆಮೇಲೆ ಹಗೇವು ತೆಗೆದೆ. ಒಳಗಿನಿಂದ ಹುಳಿನಾತ ಬಂತು. ಹುದುಗು ಬಂದಿದೆ, ಪುಷ್ಟಿ ಹೆಚ್ಚಿರುತ್ತದೆ ಎಂದೆ. ಇನ್ನೊಂದು ವಾರಕ್ಕೆ ಹಿಟ್ಟೆಲ್ಲ ಹಸಿರು ಬೂಷ್ಟು ಹಿಡಿದು ಗಟ್ಟಿಯಾಯಿತು. ಹಸಿರು ಬಣ್ಣ ಆರೋಗ್ಯದ ಲಕ್ಷಣ ಎಂದೆ. ಕೋಳಿಗಳು ಅದನ್ನು ಮೂಸಿ, ನನ್ನ ಮುಖ ನೋಡಿ, ಮೂಲೆ ಸೇರಿದವು. ಮೊಟ್ಟೆ ಐದಿದ್ದದ್ದು ಎರಡಾಯಿತು, ಒಂದಾಯಿತು, ನಿಂತೇ ಹೋಯಿತು. ಪುಕ್ಕವೂ ಉದುರತೊಡಗಿತು.

ಅಂದು ಬೆಳಿಗ್ಗೆ ಜಯ ಬರೀ ಗಂಜಿಯ ತಟ್ಟೆ ನೋಡಿ, ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ತಪ್ಪು ಯಾರದೆಂದು ನನಗೆ ತಿಳಿಯದೆ ಇರಲಿಲ್ಲ. ಆದರೂ ತಪ್ಪು ಒಪ್ಪಿಕೊಳ್ಳುವುದುಂಟೆ? ಹಿಂದಿನ ಬೀದಿಯ ಬೋರಮ್ಮನ ಹತ್ತಿರ ಗುಟ್ಟಾಗಿ ಎರಡು ಮೊಟ್ಟೆ ತಂದು, ಮರುದಿನ ಮಬ್ಬು ಬೆಳಕಿನಲ್ಲೇ ಕೋಳಿ ಮುಚ್ಚಿದ್ದ ಮಂಕರಿಯ ಕೆಳಗೆ ತಳ್ಳಿ, ಬಂದು ಗೊರಕೆ ಹೊಡೆದೆ.

ಕೆಂಪಮ್ಮ ಎರಡೂ ಮೊಟ್ಟೆಗಳನ್ನು ಸೆರಗಿನಲ್ಲಿಟ್ಟುಕೊಂಡು ಬಂದು ನನ್ನ ತಲೆದೆಸೆಯಲ್ಲಿ ನಿಂತಳು.

"ನಿಮ್ ಮೇವು ಬಲೇ ಜೋರಾಗದೆ ಕಣ್ರೀ. ನಮ್ ಉಂಜ ಮೊಟ್ಟೆ ಇಕ್ತು!"

ಅಂಗಳದಲ್ಲಿ ಎರಡು ಮಂಕರಿ ಇರುತ್ತಿದ್ದವು, ಒಂದು ಹೇಂಟೆಗಳದು, ಒಂದು ಹುಂಜನದು. ವಿಜ್ಞಾನ ಬಲ್ಲ ನಾನು ಮೊಟ್ಟೆಗಳನ್ನು ಯಾವುದರ ಕೆಳಗೆ ಇಟ್ಟಿದ್ದೆನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ರಾಗಿ ಇಟ್ನ ನಾನು ಎಂಟು ದಿನಕ್ ಆಗೋವಷ್ಟೇ ಯಾಕ್ ಬೀಸ್ಕತೀನಿ ಅಂತ ಒಂದಿನಾನಾದ್ರೂ ಕೇಳಿದ್ರಾ? ಕಾಳು ತಡ್ಕತದೆ. ಇಟ್ಟು ತಡ್ಕಳಾಕಿಲ್ಲ," ಎಂದು ಹೇಳಿ, ಮೇವನ್ನೆಲ್ಲ ಗುಂಡಿ ತೋಡಿಸಿ ಹೂಳಿಸಿ, ಬೇಲಿ ಕಿತ್ತು ಒಲೆಗೆ ಹಾಕಿದಳು. ಹೇಂಟೆಗಳು ತಿಪ್ಪೆಗೆ ಓಡಿದವು. ಅವು ಮತ್ತೆ ಮೊಟ್ಟೆಗೆ ಬರುವವರೆಗೆ ಬೋರಮ್ಮನ ಮೊಟ್ಟೆ ಹಗಲು ಹೊತ್ತಿನಲ್ಲೇ ನಮ್ಮ ಮನೆಗೆ ಬಂತು. ಯಾಕೆ ಎನ್ನುವುದು ಊರಿಗೆಲ್ಲ ಗೊತ್ತಾಯಿತು.

ಒಂದು ತಿಂಗಳಿಗೆ ನಮ್ಮ ಹೇಂಟೆಯೊಂದು ಮೊಟ್ಟೆ ಇಟ್ಟಿತು. ಕೆಂಪಮ್ಮ ಅದನ್ನು ಬೇಯಿಸಿ ಜಯಳ ಕೈಗೆ ಕೊಟ್ಟಳು. ಹುಡುಗಿ ಇನ್ನೊಂದು ಕೈಯಲ್ಲಿ ಮೀನಿನ ವಾಸನೆಯ ಒಂದು ಕಾಗದ ಹಿಡಿದಿದ್ದಳು. ಕರಪತ್ರದ ಕೊನೆಯ ಹಾಳೆ! ಓದುವ ಮೊದಲೇ ಹರಿದು ಅದರಲ್ಲಿ ಒಣಮೀನು ಕಟ್ಟಿಸಿಕೊಂಡು ಬಂದಿದ್ದವನು ನಾನೇ.

ಜಯ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಪುಡಿ ಮಾಡಿದ ಮೇವನ್ನು ಎಂಟು ದಿನಕ್ಕಿಂತ ಹೆಚ್ಚು ಇಡಕೂಡದು. ಗಾಳಿಯಾಡದ ಕಡೆ ಇಡಲೇಕೂಡದು. ಆಮೇಲೆ ನನ್ನ ಮುಖ ನೋಡಿದಳು.

"ಅಪ್ಪಯ್ಯಾ, ಪಾಠ ಪೂರ್ತಿ ಓದ್ದೆ ಬಂದೋರ್ನ ಇಸ್ಕೂಲ್ನಲ್ಲಿ ಏನ್ ಮಾಡ್ತೀಯಾ ನೀನು?"

ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎಂದೆ. ಮನೆಯಲ್ಲಿ ಬೆಂಚಿರಲಿಲ್ಲ. ಕೆಂಪಮ್ಮ ಊಟದ ಮಣೆಯನ್ನು ನನ್ನ ಮುಂದಕ್ಕೆ ತಳ್ಳಿದಳು. ಹತ್ತಿ ನಿಂತೆ. ಜ್ವರ ಬಿಟ್ಟ ಮೇಲೆ ಮೊದಲ ಸಲ ಹುಡುಗಿ ಬಿದ್ದು ಬಿದ್ದು ನಕ್ಕಳು, ನಗುತ್ತಲೇ ಮೊಟ್ಟೆಯನ್ನು ಪೂರ್ತಿ ತಿಂದಳು. ನನ್ನ ಕುಕ್ಕುಟ ವಿಜ್ಞಾನದಿಂದ ನಮ್ಮ ಮನೆಗೆ ಆದ ಲಾಭ ಅದೊಂದೇ.