ಸಮಾಜಶಾಸ್ತ್ರದಲ್ಲಿ ಐವತ್ತು

ಆ ದಿನದ ತಾಪತ್ರಯಕ್ಕೆಲ್ಲ ಮೂಲ ಮಿಸೆಸ್ ಸ್ಟಾಕರ್ ಅವರ ಕರಿ ಮಾರ್ಕರ್ ಪೆನ್ನು. ಚರ್ಚಿನ ಊಟಕ್ಕೆ ಕಳಿಸಿದ ಪಾತ್ರೆಗಳು ಕಂಡವರ ಮನೆ ಸೇರಬಾರದೆಂದು ತಳಕ್ಕೆ ಹೆಸರು ಬರೆಯಲು ಇಟ್ಟುಕೊಂಡಿದ್ದ ಪೆನ್ನು ಅದು. ಇಪ್ಪತ್ತು ವರ್ಷ ತಿಕ್ಕಿದರೆ ಪಾತ್ರೆಯ ತಳ ಸವೆಯಬಹುದಿತ್ತು, ಹೆಸರು ಮಾತ್ರ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಎಲ್ಡನ್ ಕ್ರಾಟ್ಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಗೆ ಬೀಗ ಹಾಕುತ್ತಿದ್ದಾಗ, ಪಕ್ಕದ ಮನೆಯ ಮಿಸೆಸ್ ಸ್ಟಾಕರ್ ಬೇಲಿಯ ಹತ್ತಿರ ಪ್ರತ್ಯಕ್ಷರಾದರು.

"ಬ್ರೆಂಟನ್‌ಗೆ ಹೊರಟ್ಯೇನೋ?"

"ಹೌದು. ಪರೀಕ್ಷೆ ಇದೆ."

"ಇನ್ನೊಂದಾ? ಎಷ್ಟನೇದಪ್ಪಾ ಇದು?"

"ಹದಿನೈದನೇದು."

"ನನ್ನ ಮೊಮ್ಮಗ ಕಾಲೇಜು ಸೇರಿ, ಅದನ್ನ ಬಿಟ್ಟೂ ಆಯ್ತು. ನೀನಿನ್ನೂ ಸೇರೋಕೆ ಮುಂಚಿನ ಪರೀಕ್ಷೇನೇ ಬರೀತಾ ಇದೀಯಲ್ಲೋ! ಇರಲಿ, ಬರ್ತಾ ನಂಗೆ ನಾಲ್ಕು ಸಾಮಾನು ತಂದ್ಬಿಡು."

"ಚೀಟಿ ಕೊಡಿ."

"ಚೀಟಿ ಕೊಟ್ರೆ ಕಳೀತೀಯ. ಕೈ ಚಾಚು."

ಐವತ್ತೆರಡು ವರ್ಷದ ಎಲ್ಡನ್ ಐದು ವರ್ಷದ ಹುಡುಗನ ಹಾಗೆ ಕೈ ಚಾಚಿದ. ಮಿಸೆಸ್ ಸ್ಟಾಕರ್ ಅವನ ಬಲ ಅಂಗೈ ಮೇಲೆ, ಜಾಗ ಸಾಲದೆಂದು ಬರೀ ಮೊದಲಕ್ಷರಗಳಲ್ಲಿ, ಬೇಕಾದ್ದನ್ನೆಲ್ಲ ಬರೆದರು: 12 ಮೊ., 2 ಮಾ., 1 ವೆ.

ಎಲ್ಡನ್‌ಗೆ ಇಲ್ಲ ಎನ್ನುವ ಅಭ್ಯಾಸವಿರಲಿಲ್ಲ. ಇಲ್ಲ ಎನ್ನಬೇಕಾದರೂ ಎದುರಿಗೆ ಒಬ್ಬರು ಬೇಕಲ್ಲ? ಅವನು ಊರಾಚೆಯ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವವನು. ಜೋಳ ತುಂಬಿದ ಲಾರಿ ತೂಕದ ಕಟ್ಟೆ ಮೇಲೆ ಬಂದು ನಿಲ್ಲುತ್ತದೆ. ಡ್ರೈವರು "ಎಷ್ಟು?" ಅನ್ನುತ್ತಾನೆ, ಎಲ್ಡನ್ "ಇಷ್ಟು" ಅನ್ನುತ್ತಾನೆ, ಲಾರಿ ಹೋಗುತ್ತದೆ. ಇಪ್ಪತ್ತಾರು ವರ್ಷಗಳಿಂದ ಅವನ ಸಂಭಾಷಣೆಯೆಲ್ಲ ಇಷ್ಟೇ. ಹೆಂಡತಿ ನದೀನ್, ಮೂಗಿನ ತೊಂದರೆಗೆ ಒಣ ಹವೆ ಒಳ್ಳೆಯದೆಂದು ಅರಿಜೋನಾದ ತಂಗಿಯ ಮನೆಗೆ ಹೋದವಳು, ಮೂಗು ಸರಿಯಾದ ಮೇಲೂ ವಾಪಸು ಬರಲಿಲ್ಲ. ಮೊದಮೊದಲು ಫೋನು ಮಾಡುತ್ತಿದ್ದಳು. ಆಮೇಲೆ ಕ್ರಿಸ್ಮಸ್ಸಿಗೊಂದು ಕಾರ್ಡು ಬರುತ್ತಿತ್ತು. ಈಗ ಅದರಲ್ಲೂ ಸಹಿ ತಂಗಿಯದೇ.

ಕಾಲೇಜಿಗೆ ಸೇರಬೇಕೆಂಬ ಆಸೆ ಅವನಿಗೆ ಹುಟ್ಟಿದ್ದು ವಿದ್ಯೆಯ ಮೋಹದಿಂದಲ್ಲ. ಯಾವುದೋ ಕೆಲಸಕ್ಕೆ ಬ್ರೆಂಟನ್‌ಗೆ ಹೋಗಿದ್ದಾಗ ಅಲ್ಲಿನ ಜಿಲ್ಲಾ ಕಾಲೇಜಿನ ಒಂದು ಕೋಣೆಯನ್ನು ಕಿಟಕಿಯಿಂದ ನೋಡಿದ್ದ. ಎಲ್ಲ ವಯಸ್ಸಿನವರೂ ಇದ್ದರು. ಒಬ್ಬಾಕೆ ಪಕ್ಕದವನ ಪುಸ್ತಕದಲ್ಲಿ ಇಣುಕಿ ಏನೋ ಕೇಳಿದಳು. ಅವನು ಹೇಳಿಕೊಟ್ಟ. ಇಬ್ಬರೂ ನಕ್ಕರು. ಅಷ್ಟೇ. ಮೂರು ವರ್ಷದಿಂದ ಆ ದೃಶ್ಯ ಎಲ್ಡನ್‌ನ ತಲೆಯಿಂದ ಇಳಿದಿರಲಿಲ್ಲ.

ಆದರೆ ಬರಿಗೈಯಲ್ಲಿ ಹೋಗಿ ಸೇರಿಸಿಕೊಳ್ಳಿ ಅಂದರೆ, ಈ ವಯಸ್ಸಿನಲ್ಲಿ, ಬಾಗಿಲಲ್ಲೇ ನಗುತ್ತಾರೆಂಬ ಹೆದರಿಕೆ. ಕಾಲೇಜು ಸೇರುವ ಮೊದಲೇ ಪರೀಕ್ಷೆ ಕಟ್ಟಿ ಪಾಸಾದರೆ ಆ ವಿಷಯದ ಕ್ರೆಡಿಟ್ ನಮ್ಮ ಹೆಸರಿಗೆ ಜಮೆಯಾಗುತ್ತದೆ, ಆಮೇಲೆ ಸೇರಿದ ಕಾಲೇಜು ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂದು ಲೈಬ್ರರಿಯಲ್ಲಿ ಯಾರೋ ಹೇಳಿದರು. ಸರಿ, ಒಂದು ಪಾಸು ಮಾಡಿಕೊಂಡು ಹೋಗೋಣ ಎಂದು ಇತಿಹಾಸ ಕಟ್ಟಿದ. ಪಾಸಾದ. ಒಂದು ಸಾಲದೇನೋ ಎಂದು ಜೀವಶಾಸ್ತ್ರ ಕಟ್ಟಿದ. ಎರಡರಿಂದ ಏನಾಗುತ್ತದೆ ಎಂದು ಗಣಿತ. ಹೀಗೆ ಮೂರು ವರ್ಷ ಅಡುಗೆಮನೆಯ ಮೇಜಿನ ಮುಂದೆ ಒಬ್ಬನೇ ಕೂತು ಹದಿನಾಲ್ಕು ವಿಷಯ ಮುಗಿಸಿದ್ದ. ಈ ದಿನದ ಹದಿನೈದನೆಯದು ಸಮಾಜಶಾಸ್ತ್ರ. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಪಾಸಾದರೆ ಮಧ್ಯಾಹ್ನವೇ ಅದೇ ಕಟ್ಟಡದಲ್ಲಿ ಪ್ರವೇಶ. ಅರ್ಜಿಗೆ ಅಂದೇ ಕೊನೆಯ ದಿನ.

ಬಸ್ಸಿನ ಹಾಗೆ ಹಾರ್ನು ಬಾರಿಸುತ್ತ ಗಸ್‌ನ ಲಾರಿ ಬಂದು ನಿಂತಿತು. ಗೋದಾಮಿಗೆ ಜೋಳ ಹೊಡೆಯುವ ಡ್ರೈವರುಗಳಲ್ಲಿ ಗಸ್ ಒಬ್ಬನೇ "ಎಷ್ಟು" ಅಂದಮೇಲೂ ಇನ್ನೊಂದು ಮಾತಾಡುವವನು.

"ಲಾರಿ ಹತ್ತು ಪ್ರೊಫೆಸರ್ರೇ! ನಿನ್ನ ಡಬ್ಬಾ ಗಾಡಿ ನಂಬ್ಕೊಂಡ್ರೆ ನಾಳೆ ತಲುಪ್ತೀಯ."

"ಬೇಡ ಗಸ್, ನನ್ನ ಗಾಡಿ ಚೆನ್ನಾಗೇ ಇದೆ."

"ನಾನು ಬಿಟ್ರೆ ತಾನೇ? ದಾರೀಲಿ ಎರಡೇ ನಿಮಿಷ ಲೋಡ್ ಇಳಿಸ್ತೀನಿ, ಅಷ್ಟೆ."

ಎರಡು ನಿಮಿಷ ಎಂದದ್ದು ಒಂದು ಗಂಟೆ ಹತ್ತು ನಿಮಿಷವಾಯಿತು. ಕಾಲೇಜಿನ ಮುಂದೆ ಇಳಿದಾಗ ಹತ್ತಕ್ಕೆ ಹನ್ನೆರಡು ನಿಮಿಷವಿತ್ತು. ಎಲ್ಡನ್‌ಗೆ ಅಂಗೈ ನೆನಪಾದದ್ದು ಆಗಲೇ. ಬಚ್ಚಲಿಗೆ ಓಡಿ ಸೋಪು ಹಚ್ಚಿ ತಿಕ್ಕಿದ. ಅಕ್ಷರ ಅಲುಗಲಿಲ್ಲ, ಕೈ ಮಾತ್ರ ಸುಲಿದ ಟೊಮೆಟೊ ಥರ ಕೆಂಪಾಯಿತು. ಕೆಂಪಿನ ಮೇಲೆ ಕಪ್ಪು ಇನ್ನೂ ಎದ್ದು ಕಂಡಿತು.

ಪರೀಕ್ಷಾ ಕೋಣೆಯ ಅಧಿಕಾರಿಣಿ ಮಿಸೆಸ್ ಪೆಟಿಗ್ರೂ ಅವನಿಗೆ ಹೊಸಬರೇನಲ್ಲ. ಹದಿನಾಲ್ಕು ಸಲ ಅವನ ಗುರುತಿನ ಚೀಟಿ ನೋಡಿದ್ದರು. ಹದಿನಾಲ್ಕು ಸಲವೂ ಮೊದಲನೆಯ ಸಲ ಎಂಬಂತೆಯೇ ನೋಡಿದ್ದರು.

"ಜೇಬು ಖಾಲಿ ಮಾಡಿ. ತೋಳು ಮಡಚಿ. ಕೈ ಯಾಕೆ ಹಿಂದೆ ಇಟ್ಕೊಂಡಿದೀರಿ?"

"ಸುಮ್ನೆ..."

"ತೋರಿಸಿ."

ತೋರಿಸಿದ. ಮಿಸೆಸ್ ಪೆಟಿಗ್ರೂ ಕನ್ನಡಕ ಏರಿಸಿ ಓದಿದರು. ಅವರ ಮುಖ, ಹಾಲು ಒಡೆದಾಗ ಪಾತ್ರೆಯಲ್ಲಿ ಆಗುತ್ತದಲ್ಲ, ಹಾಗಾಯಿತು.

"ಮಾ. ಅಂದ್ರೆ ಮಾರ್ಕ್ಸ್. ವೆ. ಅಂದ್ರೆ ವೆಬರ್. ನಾನೂ ಸಮಾಜಶಾಸ್ತ್ರ ಓದಿದೀನಿ ಮಿಸ್ಟರ್ ಕ್ರಾಟ್ಸ್!"

"ಅಯ್ಯೋ ಇಲ್ಲ ಮೇಡಂ. ಮಾರ್ಗರೀನು, ಬೆಣ್ಣೆ ಥರದ್ದು. ಇನ್ನೊಂದು ವೆನಿಲ್ಲಾ."

"ಮೊ.?"

"ಮೊಟ್ಟೆ."

"ಹನ್ನೆರಡು ಮೊಟ್ಟೆ, ಅಂಗೈಲಿ! ಯಾರನ್ನ ನಂಬಿಸ್ತೀರಿ? ಇವತ್ತು ನಿಮ್ಮನ್ನ ಒಳಗೆ ಬಿಡೋಕಾಗಲ್ಲ. ಮನೆಗೆ ಹೋಗಿ."

ಅಷ್ಟರಲ್ಲಿ ಗಸ್ ಒಳನುಗ್ಗಿದ್ದ. "ಏನಂತೆ? ನಮ್ಮ ಎಲ್ಡನ್ ಕಾಪಿ ಹೊಡೀತಾನಾ? ಇಪ್ಪತ್ತಾರು ವರ್ಷದಲ್ಲಿ ತೂಕದಲ್ಲಿ ಒಂದು ಕಾಳು ಹೆಚ್ಚುಕಮ್ಮಿ ಮಾಡಿದವನಲ್ಲ! ಬರೆದ ಅಜ್ಜಿಗೇ ಫೋನ್ ಹಾಕಿ ಕೇಳಿ!" ಎಂದು ತಾನೇ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

ಮಿಸೆಸ್ ಪೆಟಿಗ್ರೂ ಗಂಟಲು ಸರಿಮಾಡಿಕೊಂಡರು. "ಎಲ್ಡನ್ ಕ್ರಾಟ್ಸ್ ಅವರ ಕೈಮೇಲೆ ಏನಾದ್ರೂ ಬರೆದಿದೀರಾ ನೀವು?"

ಆ ಧ್ವನಿ ಕೇಳಿ ಮಿಸೆಸ್ ಸ್ಟಾಕರ್ ಪೊಲೀಸರೇ ಎಂದುಕೊಂಡರು. ಎಲ್ಡನ್‌ನನ್ನು ಕಾಪಾಡಬೇಕಾದ ಗಳಿಗೆ ಇದೇ ಎಂದು ಅವರಿಗೆ ಅನ್ನಿಸಿತು. "ನಾನಾ? ಏನೂ ಬರೆದಿಲ್ಲಪ್ಪ! ಅವನ್ಯಾರೋ ನಂಗೊತ್ತೇ ಇಲ್ಲ!"

"ಮಿಸೆಸ್ ಸ್ಟಾಕರ್, ನಾನು ಎಲ್ಡನ್ನು," ಎಂದು ಅವನು ಅಳುವ ದನಿಯಲ್ಲಿ ಕೂಗಿದ. "ನಿಜ ಹೇಳಿ. ಇಲ್ದಿದ್ರೆ ಪರೀಕ್ಷೆಗೆ ಬಿಡಲ್ವಂತೆ."

"ಓ, ಪರೀಕ್ಷೆಯವರಾ! ಮೊದಲೇ ಹೇಳಬಾರದಾ ತಾಯಿ? ಹನ್ನೆರಡು ಮೊಟ್ಟೆ, ಎರಡು ಮಾರ್ಗರೀನು, ಒಂದು ವೆನಿಲ್ಲಾ. ಹೇಗೂ ಫೋನ್ ಮಾಡಿದೀರಿ, ಒಂದು ಪೊಟ್ಟಣ ಒಣದ್ರಾಕ್ಷೀನೂ ಬರ್ಕೊಂಬಿಡಿ. ಮತ್ತೆ ನೋಡಿ, ಅವನನ್ನ ವಾಪಸು ಕಳಿಸಿದ್ರೆ ನಾನೇ ಬಂದು ನಿಮ್ಮ ಬಾಗಿಲಲ್ಲಿ ಕೂರ್ತೀನಿ. ಆ ಹುಡುಗನಿಗೆ ಯಾರಿದಾರೆ? ಮೂರು ವರ್ಷದಿಂದ ಕಿಟಕೀಲಿ ನೋಡ್ತಾ ಇದೀನಿ, ದೀಪದ ಕೆಳಗೆ ಒಬ್ಬನೇ ಕೂತು ಪುಸ್ತಕದ ಜೊತೆ ಮಾತಾಡ್ತಾನೆ."

ಎಲ್ಡನ್ ನೆಲ ನೋಡಿದ. ತಾನು ಗಟ್ಟಿಯಾಗಿ ಓದುತ್ತಿದ್ದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಮಿಸೆಸ್ ಪೆಟಿಗ್ರೂ ಔಷಧಿ ಡಬ್ಬಿ ತೆಗೆದು ಅವನ ಅಂಗೈಗೆ ಬಟ್ಟೆ ಸುತ್ತಿದರು. ಸುತ್ತಿ, ಮತ್ತೆ ಸುತ್ತಿ, ಮಾರ್ಕ್ಸೂ ವೆಬರೂ ಕಾಣದ ಹಾಗೆ ಬಿಗಿದು, "ಒಂಬತ್ತು ಐವತ್ತೊಂಬತ್ತು. ಹೋಗಿ ಕೂತ್ಕೊಳ್ಳಿ," ಎಂದರು.

ಒಳಗೆ ಕಂಪ್ಯೂಟರಿನ ಮುಂದೆ, ಎರಡೂ ಕಡೆ ಹಲಗೆ ಮರೆ ಮಾಡಿದ ಗೂಡಿನಲ್ಲಿ, ಎಲೆಕೋಸಿನಂತಾದ ಕೈಯಿಂದ ಎಲ್ಡನ್ ನೂರು ಪ್ರಶ್ನೆಗಳಿಗೆ ಉತ್ತರ ಒತ್ತಿದ. ಎರಡು ಒತ್ತಲು ಹೋದರೆ ಮೂರು ಬೀಳುತ್ತಿತ್ತು. ಒಂದು ಪ್ರಶ್ನೆ, ಗುಂಪು ಎನ್ನಿಸಿಕೊಳ್ಳಲು ಕನಿಷ್ಠ ಎಷ್ಟು ಜನ ಬೇಕು ಎಂಬುದು. ಅದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ. ಉತ್ತರ ಗೊತ್ತಿಲ್ಲದೆ ಅಲ್ಲ. ಇಬ್ಬರು ಸಾಕು ಎಂಬುದು ಎಷ್ಟು ಸಣ್ಣ ಬೇಡಿಕೆ ಎಂದು ಯೋಚಿಸುತ್ತ.

ಸಮಯ ಮುಗಿದ ಕೂಡಲೇ ಪರದೆಯ ಮೇಲೆ ಅಂಕ ಬಂತು. ಐವತ್ತು. ಪಾಸಾಗಲು ಬೇಕಾದದ್ದೂ ಐವತ್ತೇ. ಒಂದು ಅಂಕ ಕಮ್ಮಿಯಾಗಿದ್ದರೆ ಕತೆ ಮುಗಿದಿತ್ತು.

ಗಸ್ ಅವನನ್ನು ಎತ್ತಿ ನೆಲಕ್ಕೆ ಬಿಟ್ಟ. ಮಿಸೆಸ್ ಪೆಟಿಗ್ರೂ ಕೂಡ ತುಟಿಯ ಒಂದು ಮೂಲೆಯಲ್ಲಿ ನಕ್ಕರು. ಹಳೆಯ ಹದಿನಾಲ್ಕರ ಜೊತೆ ಈ ಫಲಿತಾಂಶದ ಹಾಳೆಯನ್ನೂ ಹಿಡಿದು ಎಲ್ಡನ್, ಗಸ್ ಇಬ್ಬರೂ ಕೆಳಗಿನ ಪ್ರವೇಶ ಕಚೇರಿಗೆ ಇಳಿದರು. ಅಲ್ಲಿ ಟೆಸ್ಸಾ ಎಂಬ ಚುರುಕಾದ ಹುಡುಗಿ ಕೂತಿದ್ದಳು. ಅವನ ಹದಿನೈದು ಹಾಳೆಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಅವಳ ಕಣ್ಣು ದೊಡ್ಡದಾಗುತ್ತ ಹೋಯಿತು.

"ಸರ್, ಇಷ್ಟೊಂದು ಕ್ರೆಡಿಟ್ ಹಿಡ್ಕೊಂಡು ಇಲ್ಲಿಗೆ ಯಾರೂ ಬಂದಿಲ್ಲ! ಎರಡು ವರ್ಷದ ಡಿಗ್ರಿಗೆ ಇಪ್ಪತ್ತು ವಿಷಯ ಬೇಕು. ಹದಿನೈದು ಆಗಲೇ ಮುಗಿಸಿಬಿಟ್ಟಿದೀರ. ಇನ್ನು ಐದೇ ಐದು."

"ಸೇರಿಸಿಕೊಳ್ತೀರಾ ಹಾಗಾದ್ರೆ?"

"ಸೇರಿಸಿಕೊಳ್ಳೋದಾ? ನಮಗೆ ಹೆಮ್ಮೆ ಸರ್!"

ಎಲ್ಡನ್ ಅಂಗಿಯ ಕಾಲರು ಸರಿಮಾಡಿಕೊಂಡ. "ತರಗತಿ ಯಾವತ್ತು ಶುರು? ಯಾವ ಕೋಣೆ? ಬೇಗ ಬಂದ್ರೆ ಮಧ್ಯದ ಸಾಲಲ್ಲಿ ಜಾಗ ಸಿಗತ್ತಾ?"

ಟೆಸ್ಸಾ ನಕ್ಕಳು. "ನೀವು ಬರೋದೇ ಬೇಡ ಸರ್. ಉಳಿದ ಐದು ವಿಷಯಾನೂ ನಮ್ಮಲ್ಲಿ ಆನ್‌ಲೈನಲ್ಲೇ ಇರೋದು. ಮನೇಲೇ ಕೂತು ಆರಾಮಾಗಿ ಮುಗಿಸಿ."

"ಕೇಳಿಸ್ತೇನೋ?" ಎಂದು ಗಸ್ ಮೇಜು ಗುದ್ದಿದ. "ಒಂದು ದಿನಾನೂ ಕ್ಲಾಸಿಗೆ ಹೋಗದೆ ಡಿಗ್ರಿ! ಇಡೀ ಜಿಲ್ಲೇಲಿ ನಿನ್ನಂಥ ಕಿಲಾಡಿ ಇಲ್ಲ ಕಣೋ!"

ಎಲ್ಡನ್ ಮೇಜನ್ನು ಹಿಡಿದುಕೊಂಡ. "ಕೋಣೇಲಿ, ಎಲ್ಲರ ಜೊತೆ ಕೂತು ಓದೋ ವಿಷಯ ಯಾವುದೂ ಇಲ್ವಾಮ್ಮಾ? ಒಂದಾದ್ರೂ?"

ಟೆಸ್ಸಾ ಪಟ್ಟಿಯ ಮೇಲೆ ಬೆರಳಾಡಿಸಿದಳು. "ನಿಮ್ಮ ಡಿಗ್ರಿಗೆ ಬೇಕಾದ್ರಲ್ಲಿ ಈ ಸಲ ಕೋಣೇಲಿ ನಡೆಯೋದು ಒಂದೇ ಒಂದು. ಮಂಗಳವಾರ ಸಂಜೆ. ಇಪ್ಪತ್ತೆರಡು ಜನ ಸೇರಿದಾರೆ, ಒಂದು ಜಾಗ ಖಾಲೀನೂ ಇದೆ. ಗುಂಪು ಚರ್ಚೆ, ಕೊನೇಲಿ ಎಲ್ಲರೂ ಸೇರಿ ಊಟ, ಬಹಳ ಚೆನ್ನಾಗಿರತ್ತಂತೆ. ಆದ್ರೆ ಅದು ನಿಮಗೆ ಬೇಡ ಬಿಡಿ."

"ಯಾಕೆ? ಯಾವ ವಿಷಯ?"

"ಸಮಾಜಶಾಸ್ತ್ರ. ಬೆಳಿಗ್ಗೆ ತಾನೆ ಪಾಸು ಮಾಡಿದ್ರಲ್ಲ."

ಎಲ್ಡನ್ ಒಮ್ಮೆ ಹಿಂದಿರುಗಿ ನೋಡಿದ. ಆಮೇಲೆ, ಗಸ್‌ಗೆ ಕೇಳಿಸದ ಹಾಗೆ ಮುಂದೆ ಬಾಗಿ ಕೇಳಿದ: "ನನ್ನನ್ನ ಫೇಲ್ ಮಾಡೋಕಾಗತ್ತಾ?"

"ಏನು ಸರ್?"

"ಒಂದು ಅಂಕ ತೆಗೆದ್ರೆ ಸಾಕು. ನಲವತ್ತೊಂಬತ್ತು ಮಾಡ್ಬಿಡಿ. ಕೈಗೆ ಬಟ್ಟೆ ಸುತ್ತಿತ್ತು, ಏನೇನೋ ಒತ್ತಿದೀನಿ. ಸರಿಯಾಗಿ ನೋಡಿದ್ರೆ ತಪ್ಪು ಸಿಕ್ಕೇ ಸಿಗತ್ತೆ."

"ಒಂದ್ಸಲ ಪಾಸಾದ್ರೆ ಪಾಸೇ ಸರ್. ಪಾಸಾದ ವಿಷಯದ ಕ್ಲಾಸಿಗೆ ನಾವು ಸೇರಿಸಿಕೊಳ್ಳೋ ಹಾಗಿಲ್ಲ." ಇದು ತಮಾಷೆಯೆಂದುಕೊಂಡು ಟೆಸ್ಸಾ ಮತ್ತೊಮ್ಮೆ ನಕ್ಕಳು. ಆನ್‌ಲೈನ್ ಪಾಠಗಳ ಗುಪ್ತಪದ ಬರೆದ ಹಾಳೆಯನ್ನು ಕೊಟ್ಟಳು. ಕ್ಲಾಸಲ್ಲೇ ಕೂರಬೇಕೆಂದಿದ್ದರೆ ನೂರ ಎಂಬತ್ತು ಮೈಲಿ ಆಚೆ ಇನ್ನೊಂದು ಕಾಲೇಜಿದೆ ಎಂದೂ ಸೇರಿಸಿದಳು.

ಗಸ್ ಆಗಲೇ ಮಿಸೆಸ್ ಸ್ಟಾಕರ್‌ಗೆ ಸುದ್ದಿ ಮುಟ್ಟಿಸಿದ್ದ. ಗೋದಾಮಿನವರಿಗೂ ಮುಟ್ಟಿಸುತ್ತಿದ್ದ. ಫೋನಿನಿಂದ ಸಿಳ್ಳೆ ಕೇಳಿಸುತ್ತಿತ್ತು. "ನೀನು ಬಾಗಿಲ ಹತ್ತಿರ ಇರು ಪ್ರೊಫೆಸರ್ರೇ, ಲಾರಿ ತರ್ತೀನಿ," ಎಂದು ಓಡಿದ. ಅಷ್ಟು ಸಂತೋಷದಲ್ಲಿರುವವನಿಗೆ ಏನು ಹೇಳುವುದು? ಎಲ್ಡನ್ ತಲೆಯಾಡಿಸಿದ.

ಪಡಸಾಲೆಯ ಕೊನೆಯಲ್ಲಿ ಒಂದು ಕೋಣೆಯ ಬಾಗಿಲು ತೆರೆದಿತ್ತು. ಹೊಸದಾಗಿ ಅಂಟಿಸಿದ ಚೀಟಿಯಲ್ಲಿ ಮಂಗಳವಾರ ಸಂಜೆ, ಸಮಾಜಶಾಸ್ತ್ರ ಎಂದಿತ್ತು. ಕುರ್ಚಿಗಳನ್ನು ಒಂದಕ್ಕೊಂದು ಎದುರಾಗಿ, ವೃತ್ತವಾಗಿ ಜೋಡಿಸಿದ್ದರು. ಎಲ್ಡನ್ ಹೊಸ್ತಿಲಲ್ಲಿ ನಿಂತು ಎಣಿಸಿದ. ಇಪ್ಪತ್ತಮೂರು. ಕಿಟಕಿಯ ಪಕ್ಕದ್ದು ಚೆನ್ನಾಗಿತ್ತು. ಅಲ್ಲಿ ಕೂತರೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಇರುತ್ತಿದ್ದರು.

ಕೀಲಿಗೊಂಚಲು ಹಿಡಿದು ಬಂದ ಕಾವಲುಗಾರ ಅವನನ್ನು ನೋಡಿ ಆದರದಿಂದ ಕೇಳಿದ: "ಈ ಕ್ಲಾಸಿಗೆ ಸೇರಿದೀರಾ ಯಜಮಾನ್ರೇ?"

"ಇಲ್ಲ," ಎಂದ ಎಲ್ಡನ್. "ಪಾಸಾಗಿದೀನಿ."

"ಪುಣ್ಯವಂತರು ಬಿಡಿ," ಎಂದ ಆತ. "ಹಾಗಾದ್ರೆ ಸ್ವಲ್ಪ ಆಚೆ ನಿಂತ್ಕೊಳ್ಳಿ, ಬಾಗಿಲು ಹಾಕ್ಬೇಕು."