ಬೆಣಚುಕಲ್ಲಿನ ಪುಡಿ ಭಾರವಾದ ಮಧ್ಯಾಹ್ನ

ಕಲ್ಲಿನೊಳಗೂ ನೀರಿರುತ್ತದೆ, ಅದನ್ನು ಅಳೆಯುವುದು ನನಗೆ ಕಾಫಿ ಕುಡಿದಷ್ಟು ಸುಲಭ ಎಂದು ಹೆಂಡತಿ ಶೈಲಜಾಗೆ ಹೇಳಿ ರವೀಂದ್ರನಗರದ ಮನೆಯಿಂದ ಹೊರಟಿದ್ದೆ. ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನದು ಹದಿನೆಂಟು ವರ್ಷದ ಅನುಭವ. ನಮ್ಮಲ್ಲಿ ಅರೆದ ಬೆಣಚುಕಲ್ಲಿನ ಪುಡಿ ಭದ್ರಾವತಿಗೆ, ಕಬ್ಬಿಣ ಎರಕ ಹೊಯ್ಯುವವರಿಗೆ ಹೋಗುತ್ತದೆ. ಅದರಲ್ಲಿ ನೀರು ಉಳಿದರೆ ಕರಗಿದ ಕಬ್ಬಿಣ ಸುರಿದಾಗ ಆ ಪುಡಿಯಿಂದ ಮಾಡಿದ ಅಚ್ಚು ಸಿಡಿಯುತ್ತದೆ. ಅಂದು ಹೊಸ ಗಿರಾಕಿಯ ಕಡೆಯಿಂದ ಕೆಮಿಸ್ಟ್ ಮೇಡಂ ಪರೀಕ್ಷೆಗೆ ಬರುವವರಿದ್ದರು.

ಪುಡಿಯನ್ನು ತೂಗಿ, ಕುಲುಮೆಯಲ್ಲಿ ಕಾಯಿಸಿ, ಮುಚ್ಚಿದ ಗಾಜಿನ ಜಾಡಿಯಲ್ಲಿ ಆರಿಸಿ ಮತ್ತೆ ತೂಗಬೇಕು. ತೂಕ ಎಷ್ಟು ಕಡಿಮೆಯಾಯಿತೋ ಅಷ್ಟು ನೀರು. ಅಷ್ಟೇ ಶಾಸ್ತ್ರ.

ಎಲ್ಲರೂ ಊಟಕ್ಕೆ ಹೋಗಿದ್ದರು. ಕಾಯಿಸಿ ಆರಿಸಿದ ಪುಡಿಯನ್ನು ತಕ್ಕಡಿಗಿಟ್ಟು ತೂಕ ಬರೆದುಕೊಂಡೆ. ತಕ್ಕಡಿಯ ಕೊನೆಯ ಅಂಕಿ ಒಂದು ಏರಿತು. ಹೊಡೆದುಹಾಕಿ ಮತ್ತೆ ಬರೆದೆ. ಇನ್ನೊಂದು ಏರಿತು. ಫ್ಯಾನ್ ಇರಲಿಲ್ಲ, ಕಿಟಕಿ ಮುಚ್ಚಿತ್ತು. ಬಗ್ಗಿ ನೋಡಿದರೆ ಬೇಗ ಏರುತ್ತಿತ್ತು. ಗೋಡೆಗೆ ಒರಗಿ ನಿಂತರೆ ನಿಧಾನವಾಗುತ್ತಿತ್ತು. ನಾನು ಬಂದದ್ದು ಅದಕ್ಕೆ ತಿಳಿಯುತ್ತಿತ್ತು.

ಆ ತಕ್ಕಡಿಯಲ್ಲಿ ತೂಗುತ್ತಿದ್ದ ತಂಗವೇಲು ಸರ್ ತೀರಿಹೋಗಿ ಒಂದು ತಿಂಗಳು. ಅವರ ಕನ್ನಡಕ ಡ್ರಾಯರಿನಲ್ಲೇ ಇತ್ತು. ಅದನ್ನು ಅವರ ಮನೆಗೆ ತಲುಪಿಸುತ್ತೇನೆಂದವನು ನಾನೇ. ಶೈಲಜಾಗೆ ಫೋನ್ ಮಾಡಿದೆ.

“ಇನ್ನೂ ಕೊಟ್ಟಿಲ್ವಾ ಮಾರಾಯ್ರೆ? ಮೊದ್ಲು ತಪ್ಪಾಯ್ತು ಅಂತ ಕೈ ಮುಗೀರಿ,” ಎಂದಳು.

ಕನ್ನಡಕವನ್ನು ತಕ್ಕಡಿಯ ಮುಂದಿಟ್ಟೆ. ಊದುಬತ್ತಿ ಹಚ್ಚಿದೆ. ಹತ್ತಿರ ಬಗ್ಗಿ ಪಿಸುಗುಟ್ಟಿದೆ: “ತಂಗವೇಲು ಸರ್, ದಯವಿಟ್ಟು ಕೈ ತೆಗೀರಿ. ನನ್ನ ಕೆಲಸ ಹೋಗುತ್ತೆ.”

ಅಂಕಿ ಒಮ್ಮೆಲೇ ಐದು ಹಾರಿತು! ಹಿಂದೆ ಯಾರೋ ಕೆಮ್ಮಿದರು. ನಾನು ಕಿರುಚಿದ್ದು ಗೇಟಿನವರೆಗೆ ಕೇಳಿತಂತೆ.

ಬಾಗಿಲಲ್ಲಿ ನಮ್ಮ ಮಾಲೀಕರು, ಪಕ್ಕದಲ್ಲಿ ಕೆಮಿಸ್ಟ್ ಮೇಡಂ. ಆಕೆ ನಗಲಿಲ್ಲ. ಜಾಡಿಯ ತಳದ ಹರಳುಗಳನ್ನು ನೋಡಿದರು. ತೇವ ಹೀರುವ ಆ ಹರಳು ಒಣಗಿದ್ದಾಗ ನೀಲಿ. ತೇವ ತುಂಬಿ ಇನ್ನು ಹೀರಲಾರದಾದಾಗ ಗುಲಾಬಿ. ನಮ್ಮದು ತಿಂಗಳುಗಳಿಂದ ಗುಲಾಬಿ. ಬಣ್ಣ ಚೆನ್ನಾಗಿದೆಯೆಂದು ನಾನೇ ಮೆಚ್ಚಿದ್ದೆ. ತಕ್ಕಡಿಯ ಗಾಜಿನ ಬಾಗಿಲು ಮುರಿದು ವರ್ಷವಾಗಿತ್ತು. ಕಾದು ಒಣಗಿದ ಪುಡಿ ಗಾಳಿಯಲ್ಲಿದ್ದ ನೀರನ್ನೆಲ್ಲ ಕುಡಿಯುತ್ತಿತ್ತು.

ಹೊಸ ಹರಳು ತುಂಬಿಸಿ, ಪುಡಿಯನ್ನು ಮತ್ತೆ ಕಾಯಿಸಿ, ಮೇಡಂ ಮಾಸ್ಕ್ ಹಾಕಿಕೊಂಡು ತೂಗಲು ನಿಂತರು. ಸಹಾಯಕ್ಕೆಂದು ಬಗ್ಗಿದೆ. ಅಂಕಿ ಏರಿತು.

“ಸರ್, ನೀವು ಸ್ವಲ್ಪ ಹೊರಗಿರಿ. ಇದು ನಿಮ್ಮ ಉಸಿರಿನ ನೀರನ್ನ ತೂಗ್ತಿದೆ,” ಎಂದರು.

ಹೊರಗೆ ಹೋಗಿ ಕಿಟಕಿಯಿಂದ ಇಣುಕಿದೆ. ಹದಿನೆಂಟು ವರ್ಷದ ಅನುಭವ ಕೋಣೆಯಿಂದಾಚೆ ಹೋದ ಕೂಡಲೇ ಅಂಕಿ ನಿಂತಿತು. ಅಲ್ಲಾಡಲೇ ಇಲ್ಲ.