ಮಾರಾಟವಾಗದ ಕುರ್ಚಿ ಮತ್ತು ನನ್ನ ಜಠರ

ನನ್ನ ಹೊಟ್ಟೆಗೆ ಬೆಂಕಿಯಿಟ್ಟವಳು ನನ್ನ ಹೆಂಡತಿಯೇ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ಮೆಣಸಿನಕಾಯಿ ಅವಳ ಆಯುಧ, ನನ್ನ ಜಠರ ರಣರಂಗ.

"ಮನೆಯವರೆಲ್ಲ ತಿನ್ನೋದು ಅದನ್ನೇ. ಉರಿ ನಿಮಗೊಬ್ಬರಿಗೇ ಯಾಕಂತೆ?"

"ನೀವೆಲ್ಲ ಪಳಗಿದೀರಿ ಕಣೇ!"

ತೀರ್ಪು ಡಾಕ್ಟರೇ ಕೊಡಲೆಂದು ಆರೋಪಿಯನ್ನು ಜೊತೆಗೇ ಕರೆದೊಯ್ದೆ. (ಟ್ಯಾಕ್ಸಿ ಬಾಡಿಗೆ ಅವಳಿಂದಲೇ ಕೊಡಿಸಿದೆ. ಸೋಲುವವರಿಂದ ಮುಂಚೆಯೇ ವಸೂಲಿ ಮಾಡುವುದು ವ್ಯಾಪಾರಿಯ ಲಕ್ಷಣ.)

ಡಾಕ್ಟರು ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. "ಜಠರದಲ್ಲಿ ಹುಣ್ಣಾಗಿದೆ. ಆಸಿಡ್ ತಾಗಿದಾಗಲೆಲ್ಲ ಉರಿಯುತ್ತೆ."

"ಮೆಣಸಿನಕಾಯಿ ಅಲ್ವಾ ಡಾಕ್ಟ್ರೇ?" ಎಂದು ಹೆಂಡತಿಯ ಕಡೆ ವಿಜಯದ ನಗೆ ಬೀರಿದೆ.

"ಖಾರದಿಂದ ಹುಣ್ಣಾಗಲ್ಲ. ಸಾಮಾನ್ಯವಾಗಿ ಒಂದು ಬ್ಯಾಕ್ಟೀರಿಯಾ ಕಾರಣ, ನಿಮ್ಮಲ್ಲಿ ಅದೂ ಸಿಗಲಿಲ್ಲ. ನೋವಿನ ಮಾತ್ರೆ ಏನಾದ್ರೂ ನುಂಗ್ತೀರಾ?"

"ಬೆನ್ನುನೋವಿಗೆ. ದಿನಾ ಬೆಳಗ್ಗೆ, ಖಾಲಿ ಹೊಟ್ಟೇಲಿ," ಎಂದೆ, ನನ್ನ ಶಿಸ್ತಿಗೆ ನಾನೇ ಮೆಚ್ಚಿ.

"ಅಲ್ಲಿಗೆ ಸರಿಹೋಯ್ತು. ಆಸಿಡ್ ತಡೆಯೋ ಒಳಪದರಾನ ಆ ಮಾತ್ರೆ ಹಾಳು ಮಾಡಿದೆ. ಬೆನ್ನು ಯಾಕೆ ನೋಯುತ್ತೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆರೋಪಿ ಸಾಕ್ಷಿಯಾಗಿಬಿಟ್ಟಳು. "ಇವರದು ಕುರ್ಚಿ ಅಂಗಡಿ ಡಾಕ್ಟ್ರೇ. ಒಳ್ಳೇ ಕುರ್ಚಿ ಎಲ್ಲಾ ಗಿರಾಕಿಗಳಿಗೆ. ಯಾರೂ ಕೊಳ್ಳದ ಸೊಟ್ಟ ಬೆನ್ನಿನ ಕುರ್ಚಿ ಮೇಲೆ ಇವರ ದರ್ಬಾರು!"

ಡಾಕ್ಟರು ಆ ಮಾತ್ರೆ ನಿಲ್ಲಿಸಿ, ಆಸಿಡ್ ತಗ್ಗಿಸುವ ಔಷಧಿ ಬರೆದು, ಬೆನ್ನಿಗೆ ಕೆಲವು ದಿನ ವಿಶ್ರಾಂತಿ ವಿಧಿಸಿದರು. ಅಂಗಡಿಯಲ್ಲಿ ಹೆಂಡತಿ ಕೂತಳು. ನಾನು ಮನೆಯಲ್ಲಿ ಮಲಗಿ ನಷ್ಟದ ಸುದ್ದಿಗೆ ಕಾಯುತ್ತಿದ್ದೆ.

ಒಂದು ಸಂಜೆ ನಗುತ್ತಾ ಬಂದಳು. "ನಿಮ್ಮ ಸಿಂಹಾಸನ ಮಾರಿಬಿಟ್ಟೆ, ರೀ."

"ಸುಳ್ಳು! ನಾನು ಎಷ್ಟು ಹೊಗಳಿದ್ರೂ ಹೋಗದ ಮಾಲು ಅದು. ಏನು ಹೇಳಿದೆ?"

"ಕುರ್ಚಿ ನೋಡೋಕೆ ಬಂದ ಒಬ್ಬ ಹೆಂಗಸಿಗೆ ನಿಜ ಹೇಳಿದೆ. ಇದರಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಕ್ಕಾಗಲ್ಲ ಅಂದೆ. 'ಅಯ್ಯೋ, ನಮ್ಮನೆಗೆ ಬರೋ ನೆಂಟರಿಗೆ ಹೇಳಿ ಮಾಡಿಸಿದ ಹಾಗಿದೆ' ಅಂತ ಆಯಮ್ಮ ಎತ್ಕೊಂಡೇ ಹೋದ್ರು!"

ಆಯಮ್ಮನ ನೆಂಟರು ಎಷ್ಟು ಬೇಗ ಎದ್ದರೋ, ಸುದ್ದಿ ಅಷ್ಟೇ ಬೇಗ ಹಬ್ಬಿತು. ಅಂಥದ್ದೇ ಬೇಕೆಂದು ಗಿರಾಕಿಗಳು ಮುಗಿಬಿದ್ದರು. "ಸೊಟ್ಟಗೆ ಬೇಕೂಂತ್ಲೇ ಮಾಡ್ಲಾ?" ಎಂದು ಬಡಗಿ ತಲೆ ಕೆರೆದುಕೊಂಡನಂತೆ.

ಬೆನ್ನು ನೆಟ್ಟಗಾಗಿ, ಹೊಟ್ಟೆ ತಣ್ಣಗಾಗಿ, ಯಜಮಾನನ ಗತ್ತಿನಲ್ಲಿ ಅಂಗಡಿಗೆ ಹೋದೆ. ಗಲ್ಲಾದ ಹಿಂದೆ ಮೆತ್ತನೆಯ ಕುರ್ಚಿಯಲ್ಲಿ ಹೆಂಡತಿ ವಿರಾಜಮಾನಳಾಗಿದ್ದಳು. ಬಾಗಿಲ ಬಳಿ ಹೊಚ್ಚಹೊಸ ಸೊಟ್ಟ ಕುರ್ಚಿಯೊಂದು ಖಾಲಿಯಿತ್ತು.

"ಇದು ಯಾರಿಗೆ?"

"ನಿಮಗೇ. ಗಿರಾಕಿಗಳಿಗೆ ಕೂತು ತೋರಿಸೋಕೆ ಅನುಭವಸ್ಥರು ಬೇಡ್ವಾ? ಹತ್ತು ನಿಮಿಷ ಕೂತ್ಕೊಳ್ಳಿ, ಆಮೇಲೆ ಜೋರಾಗಿ ನರಳಿ. ಮಾತ್ರೆ ಮಾತ್ರ ಕೇಳ್ಬೇಡಿ."